ಬೀಗರ ಹೊಲದ ಜೇನು

ಕೊಲ್ಲೊಬ್ರಿಯೆರ್
12 ಮಾರ್ಚ್ 1966

ಪ್ರೀತಿಯ ಸಿಲ್ವೆಟ್,

ನಿನ್ನ ಕಾಗದ ತಲುಪಿತು. ನಿಮ್ಮ ಮೇಲಿನ ಬಯಲಿನಲ್ಲಿ ಇನ್ನೂ ಚಳಿ ಎಂದು ಬರೆದಿದ್ದೀಯ. ಇಲ್ಲಿ ಗುಡ್ಡದ ಮೇಲೆ ರೋಸ್‌ಮೇರಿ ಆಗಲೇ ಹೂ ಬಿಟ್ಟಿದೆ, ಜೇನುಹುಳಗಳು ಶಾಲೆ ಬಿಟ್ಟ ಮಕ್ಕಳಂತೆ ಮುಗಿಬಿದ್ದಿವೆ. ಚಳಿಗಾಲದಲ್ಲಿ ಎರಡು ಪೆಟ್ಟಿಗೆಯ ಹುಳ ಮಾತ್ರ ಸತ್ತವು. ನಿನ್ನ ಅಪ್ಪ ಹೋದ ಮೇಲೆ ನಾನೊಬ್ಬಳೇ ನೋಡಿಕೊಂಡ ಮೊದಲ ಚಳಿಗಾಲ ಇದು. ಅಷ್ಟಕ್ಕೇ ಮುಗಿಯಿತಲ್ಲ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೇನೆ.

ಇನ್ನು ಕೆಟ್ಟ ಸುದ್ದಿ. ರಿಯೆಜ್‌ನ ರೈತ ಮಾನ್ಯಾನ್ ತಮ್ಮ ಹೊಲದ ಲ್ಯಾವೆಂಡರ್ ಕಿತ್ತುಹಾಕಿ ಗೋಧಿ ಬಿತ್ತಿದ್ದಾರಂತೆ. ನೀನು ಹುಟ್ಟುವ ಮೊದಲಿನಿಂದಲೂ ನಮ್ಮ ಪೆಟ್ಟಿಗೆಗಳು ಬೇಸಿಗೆ ಕಳೆಯುತ್ತಿದ್ದದ್ದು ಅವರ ಹೊಲದಲ್ಲೇ. ಬೇರೆ ನಾಲ್ಕೈದು ಕಡೆ ಕಾಗದ ಹಾಕಿ ಕೇಳಿದೆ. ಎಲ್ಲ ಕಡೆಯೂ ಅವಿನ್ಯೋನ್‌ನ ಆ ದೊಡ್ಡ ಜೇನು ವ್ಯಾಪಾರಿಯ ಪೆಟ್ಟಿಗೆಗಳಿಗೆ ಜಾಗ ಮೀಸಲಾಗಿದೆಯಂತೆ.

ಅದೇ ಮನುಷ್ಯ ಮೊನ್ನೆ ಮನೆಗೂ ಬಂದಿದ್ದ. ನನ್ನ ಕಾಫಿ ಕುಡಿದು, ನನ್ನ ಪೆಟ್ಟಿಗೆಗಳನ್ನು ಕಲ್ಲಂಗಡಿ ತಟ್ಟಿದ ಹಾಗೆ ತಟ್ಟಿ ನೋಡಿದ. "ಮೇಡಂ ಇಸ್ನಾರ್, ಲ್ಯಾವೆಂಡರ್ ಇಲ್ದೆ ಈ ನಲವತ್ತು ಪೆಟ್ಟಿಗೆ ಕಟ್ಕೊಂಡು ಏನ್ ಮಾಡ್ತೀರಿ? ನನಗೆ ಕೊಟ್ಬಿಡಿ, ನೀವೂ ಆರಾಮಾಗಿರಿ" ಅಂದ. ಆರಾಮಾಗಿ ಇದ್ದುಕೊಂಡು ಏನು ಮಾಡಲಿ ಎಂದು ಅವನನ್ನೇ ಕೇಳಬೇಕಿತ್ತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ರೋಸ್‌ಮೇರಿ ಜೇನು ಹುಳಗಳ ಹೊಟ್ಟೆಗೇ ಸರಿಹೋಗುತ್ತದೆ. ನಮ್ಮ ಮನೆ ನಡೆಯುವುದು ಜುಲೈ ತಿಂಗಳ ಲ್ಯಾವೆಂಡರ್ ಜೇನಿನಿಂದ. ಜೂನ್ ಮುಗಿಯುವುದರೊಳಗೆ ಜಾಗ ಸಿಗದಿದ್ದರೆ ಪೆಟ್ಟಿಗೆ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಉಳಿದಿರುವುದು ನಿನ್ನ ಮಾವನವರ ಹೊಲ ಒಂದೇ. ನಾನೇ ಅವರಿಗೆ ಬರೆದು ಕೇಳುತ್ತೇನೆ. ಆದರೆ ಮಾರುವ ವಿಷಯ ನೀನು ಬಾಯಿ ಬಿಡಕೂಡದು. ಗಂಡ ಸತ್ತವಳು ಪಾಪ ಎಂದು ಯಾರೂ ನನಗೆ ಜಾಗ ಕೊಡಬೇಕಾಗಿಲ್ಲ. ಹೊಲದವರ ಹತ್ತಿರ ನಕ್ಕು ಮಾತಾಡಿ ಜಾಗ ಕೇಳುವುದು ನಿನ್ನ ಅಪ್ಪನ ಕೆಲಸವಾಗಿತ್ತು, ನಾನು ಲಾರಿಯಲ್ಲೇ ಕೂತಿರುತ್ತಿದ್ದೆ. ಇನ್ನು ನಾನೇ ಇಳಿಯಬೇಕು. ನಿಜ ಹೇಳುತ್ತೇನೆ, ನನಗೆ ಭಯವಾಗುತ್ತಿದೆ.

ಅಳಿಯ ಗಿಲ್ಬೇರ್‌ಗೆ ಆಶೀರ್ವಾದ ತಿಳಿಸು.

ಅಮ್ಮ


ಕೊಲ್ಲೊಬ್ರಿಯೆರ್
2 ಏಪ್ರಿಲ್ 1966

ಬೀಗರಾದ ಸಿಪ್ರಿಯೆನ್ ರೂಬೊ ಅವರಿಗೆ ನಮಸ್ಕಾರಗಳು.

ಮಕ್ಕಳ ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕ್ಷೇಮ ಸಮಾಚಾರವನ್ನು ಸಿಲ್ವೆಟ್ ಆ ಕಡೆಯಿಂದ ಈ ಕಡೆಗೂ ಈ ಕಡೆಯಿಂದ ಆ ಕಡೆಗೂ ಸಾಗಿಸುತ್ತಿರುವುದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಈ ಬೇಸಿಗೆ ನನ್ನ ನಲವತ್ತು ಜೇನುಪೆಟ್ಟಿಗೆಗಳಿಗೆ ನಿಮ್ಮ ಲ್ಯಾವೆಂಡರ್ ಹೊಲದ ಅಂಚಿನಲ್ಲಿ ಜಾಗ ಬೇಕಾಗಿದೆ. ಜೂನ್ ಕೊನೆಗೆ ತಂದಿಟ್ಟು, ಹೂ ಮುಗಿದೊಡನೆ ತೆಗೆದುಕೊಂಡು ಹೋಗುತ್ತೇನೆ. ಜಾಗದ ಬಾಡಿಗೆ ಎಲ್ಲರೂ ಕೊಡುವ ಹಾಗೆ ಜೇನಿನಲ್ಲೇ. ನಿಮ್ಮ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ.

ಒನೊರಿನ್ ಇಸ್ನಾರ್


ಪುಯ್ಮುವಾಸೊನ್
10 ಏಪ್ರಿಲ್ 1966

ಬೀಗಿತ್ತಿಯವರಿಗೆ,

ನಿಮ್ಮ ಕಾಗದ ಓದಿ ಸಂತೋಷವಾಯಿತು. ಮದುವೆಯ ದಿನ ನೀವು ನನ್ನ ಜೊತೆ ಆಡಿದ್ದಕ್ಕಿಂತ ನಾಲ್ಕು ಮಾತು ಹೆಚ್ಚೇ ಇದೆ ಇದರಲ್ಲಿ.

ಕೇಳಿದ್ದಕ್ಕೆ ಆಗುವುದಿಲ್ಲ ಎಂದೇ ಹೇಳಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ನಾನು ಬದುಕುತ್ತಿರುವುದು ಹೂವಿನ ಎಣ್ಣೆಯಿಂದ. ಎಣ್ಣೆ ಎಂದರೆ ಗಂಧ. ನಿಮ್ಮ ಹುಳ ಮಾಡುವ ಕೆಲಸ ಏನು? ಹೂವಿಗೆ ಬಾಯಿಟ್ಟು ಗಂಧ ಹೀರುವುದು. ಹುಳ ಕೂತು ಹೋದ ಹೂ ಮರುದಿನ ಬಾಡಿ ಉದುರುವುದನ್ನು ಈ ಕಣ್ಣಲ್ಲೇ ನೋಡಿದ್ದೇನೆ. ನಮ್ಮಪ್ಪನೂ ಅದನ್ನೇ ಹೇಳುತ್ತಿದ್ದರು. ನಲವತ್ತು ಪೆಟ್ಟಿಗೆ ಹುಳ ಕುಡಿದು ಬಿಟ್ಟ ಎಂಜಲನ್ನು ಭಟ್ಟಿಗೆ ಹಾಕಿದರೆ ನನಗೆ ಬಿಸಿನೀರು ಇಳಿಯುತ್ತದೆ ಅಷ್ಟೆ.

ಸೊಸೆ ಬಂಗಾರದಂಥವಳು. ಅವಳನ್ನು ಕೊಟ್ಟಿದ್ದೀರಿ, ಅದು ಸಾಕು. ಹುಳಗಳನ್ನು ನೀವೇ ಇಟ್ಟುಕೊಳ್ಳಿ.

ಸಿಪ್ರಿಯೆನ್ ರೂಬೊ


ಪುಯ್ಮುವಾಸೊನ್
19 ಮೇ 1966

ಅಮ್ಮ,

ನೀನು ಕಾಗದ ಬರೆಯುವುದನ್ನೇ ನಿಲ್ಲಿಸಿದ್ದೀಯ. ಮಾವನವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡ. ನಿನಗೆ ಮಾತು ಕೊಟ್ಟ ಹಾಗೆ ಅವಿನ್ಯೋನ್‌ನವನ ವಿಷಯ ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ, ಗಿಲ್ಬೇರ್‌ಗೆ ಕೂಡ. ಹೇಳಬೇಕೆಂದು ನಾಲಿಗೆ ತುದಿಗೆ ಬಂದು ಎಷ್ಟು ಸಲ ನುಂಗಿದ್ದೇನೋ.

ಒಂದು ತಮಾಷೆ ನಡೆಯಿತು, ಕೇಳು. ಮಾವನಿಗೆ ದಿನಾ ಬೆಳಿಗ್ಗೆ ಮೇಕೆಹಾಲಿನ ಚೀಸ್ ಮೇಲೆ ಜೇನು ಸುರಿದುಕೊಂಡು ತಿನ್ನಬೇಕು. ಮದುವೆಯಲ್ಲಿ ಅಪ್ಪ ಕಳಿಸಿದ್ದ ಜಾಡಿಗಳಲ್ಲಿ ಕೊನೆಯದು ಕಳೆದ ವಾರ ಖಾಲಿಯಾಯಿತು.

"ಜೇನೆಲ್ಲಮ್ಮಾ?" ಅಂದರು.

"ಮುಗೀತು ಮಾವ."

"ಇನ್ನೊಂದು ಜಾಡಿ ತೆಗಿ."

"ಇನ್ನೊಂದು ಅಂತ ಇಲ್ಲ. ಅಮ್ಮನ ಪೆಟ್ಟಿಗೆಗೆ ಈ ವರ್ಷ ಲ್ಯಾವೆಂಡರ್ ಸಿಕ್ಕಿಲ್ವಲ್ಲ."

"ಅಂಗಡೀಲಿ ತಗೊಂಡು ಬಾ, ಅದಕ್ಕೇನಂತೆ."

ತಂದೆ. ಒಂದು ಚಮಚ ಬಾಯಿಗಿಟ್ಟರು. ಆಮೇಲೆ ಚಮಚವನ್ನು ತಟ್ಟೆಯ ಪಕ್ಕದಲ್ಲಿಟ್ಟು, "ಇದು ಯಾವ ಹೂವಿಂದೂ ಅಲ್ಲ" ಎಂದು ಎದ್ದುಹೋದರು. ಅಂದಿನಿಂದ ಬರೀ ಚೀಸ್ ತಿನ್ನುತ್ತಿದ್ದಾರೆ. ನಿನ್ನೆ, "ನಿಮ್ಮಮ್ಮ ಬೇರೆ ಎಲ್ಲಾದ್ರೂ ಜಾಗ ಹುಡುಕಿಕೊಂಡ್ರಂತಾ?" ಎಂದು ಕೇಳಿದರು. ಇಲ್ಲ ಎಂದೆ.

ಅವರು ಕೆಟ್ಟವರಲ್ಲ ಅಮ್ಮ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಅಷ್ಟೆ. ನಿನ್ನಂಥವರೇ.

ನಿನ್ನ ಸಿಲ್ವೆಟ್


ಪುಯ್ಮುವಾಸೊನ್
4 ಜೂನ್ 1966

ಬೀಗಿತ್ತಿಯವರಿಗೆ,

ನಾನು ಏಪ್ರಿಲ್‌ನಲ್ಲಿ ಬರೆದದ್ದು ಈಗಲೂ ನಿಜವೇ. ಹುಳ ಗಂಧ ಕುಡಿಯುತ್ತದೆ. ಆದರೆ ನಮ್ಮ ಹೊಲದ ಉತ್ತರದ ಕೊನೆಯಲ್ಲಿ, ಕಲ್ಲುಗುಡಿಸಲಿನ ಆಚೆ ಇರುವ ತುಂಡಿನಲ್ಲಿ ಗಿಡ ಮುದಿಯಾಗಿದೆ. ಅಲ್ಲಿ ಎಣ್ಣೆ ಕಡಿಮೆಯಾದರೂ ನನಗೆ ದೊಡ್ಡ ನಷ್ಟವಿಲ್ಲ. ಬೇಕಾದರೆ ಅಲ್ಲಿ ಇಡಿ.

ಕೊಯ್ಲಿಗೆ ಬರುವವರು ಹುಳಕ್ಕೆ ಹೆದರುತ್ತಾರೆ. ಆದ್ದರಿಂದ ಆ ತುಂಡಿನ ಕೊಯ್ಲಿನ ದಿನಕ್ಕೆ ಮೊದಲು ಪೆಟ್ಟಿಗೆ ಎತ್ತಬೇಕು. ಯಾರಿಗಾದರೂ ಕಚ್ಚಿದರೆ ಮುಲಾಮು ನಿಮ್ಮದೇ.

ಇದನ್ನು ಸೊಸೆ ಹೇಳಿ ಬರೆಸಿದ್ದಲ್ಲ.

ಸಿಪ್ರಿಯೆನ್ ರೂಬೊ


ಕೊಲ್ಲೊಬ್ರಿಯೆರ್
29 ಜೂನ್ 1966

ಬೀಗರಿಗೆ,

ಸುಖವಾಗಿ ಮನೆ ಮುಟ್ಟಿದೆ. ಲಾರಿಯವನು ದಾರಿಯುದ್ದಕ್ಕೂ ನಿಮ್ಮ ಮನೆಯ ಕಡಲೆಸೂಪಿನ ಗುಣಗಾನ ಮಾಡಿದ. ಬೆಳಗಾಗುವ ಹೊತ್ತಿಗೆ ನೀವು ಹೊಲದ ತುದಿಯಲ್ಲಿ ಲಾಟೀನು ಹಿಡಿದು ನಿಂತಿರುತ್ತೀರಿ ಎಂದು ನಾನು ಎಣಿಸಿರಲಿಲ್ಲ. ಪೆಟ್ಟಿಗೆ ಇಳಿಸಲು ಕೈಯನ್ನೂ ಕೊಟ್ಟಿರಿ.

ಪೆಟ್ಟಿಗೆಯ ಬಾಗಿಲು ತೆಗೆದಾಗ ಮೊದಲ ಹುಳಗಳು ಹೊರಗೆ ಬಂದು, ಪೆಟ್ಟಿಗೆಯ ಕಡೆಗೇ ಮುಖ ಮಾಡಿ ಗಾಳಿಯಲ್ಲಿ ತೂಗಾಡಿದವಲ್ಲ, "ಏನ್ ಮಾಡ್ತಿವೆ ಅವು?" ಎಂದು ಕೇಳಿದಿರಿ. ಹೊಸ ಜಾಗವನ್ನು ಗುರುತಿಟ್ಟುಕೊಳ್ಳುತ್ತಿದ್ದವು. ಆ ಹೊತ್ತಿನಲ್ಲಿ ನಿಮ್ಮ ಹೊಲ ನೀಲಿಗೆ ತಿರುಗುತ್ತಿದ್ದದ್ದನ್ನು ನೋಡುತ್ತಾ ನಿಂತುಬಿಟ್ಟೆ, ಅದಕ್ಕೇ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಗಂಡನಿಲ್ಲದೆ ಪೆಟ್ಟಿಗೆ ಇಳಿಸಿದ್ದು ಅದೇ ಮೊದಲು.

ಒಳ್ಳೆಯ ಬಿಸಿಲು ಬೀಳಲಿ ಎಂದು ಹಾರೈಸಿ. ಬಿಸಿಲಿದ್ದರೆ ನಮ್ಮಿಬ್ಬರಿಗೂ ಲಾಭ.

ಒನೊರಿನ್


ಪುಯ್ಮುವಾಸೊನ್
9 ಜುಲೈ 1966

ಬೀಗಿತ್ತಿಯವರೇ,

ಈ ಕಾಗದ ನಾನೇ ಬರೆಯುತ್ತೇನೆ ಎಂದು ಸಿಲ್ವೆಟ್ ಕೈಯಿಂದ ಪೆನ್ನು ಕಿತ್ತುಕೊಂಡೆ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ.

ಮೂರ್ನಾಲ್ಕು ದಿನದಿಂದ ಇಲ್ಲಿ ಬೆಂಕಿ ಸುರಿಯುವ ಸೆಕೆ. ನಿಮ್ಮ ಹುಳಗಳು ಪೆಟ್ಟಿಗೆಯ ಒಳಗೆ ಇರಲಾರದೆ ಹೊರಗೆ ಬಂದು ಬಾಗಿಲ ಮುಂದೆ ಗಡ್ಡದ ಹಾಗೆ ಜೋತುಬಿದ್ದಿದ್ದವು. ಸತ್ತೇಹೋಗುತ್ತವೆ ಎಂದುಕೊಂಡೆ. ಕೇಳೋಣ ಎಂದರೆ ಸಿಲ್ವೆಟ್ ಹಲ್ಲು ಕೀಳಿಸಿಕೊಳ್ಳಲು ಮನೋಸ್ಕ್‌ಗೆ ಹೋಗಿ ಅಲ್ಲೇ ಉಳಿದಿದ್ದಳು. ದಾರಿಯ ಆಚೆ, ಕೂಗಳತೆಯಲ್ಲೇ ಬಾದಾಮಿ ಮರಗಳ ನೆರಳಿದೆ. ಸಂಜೆ ಹುಳವೆಲ್ಲ ಒಳಗೆ ಸೇರಿದ ಮೇಲೆ ನಾನೂ ಗಿಲ್ಬೇರೂ ನಲವತ್ತು ಪೆಟ್ಟಿಗೆಯನ್ನೂ ಹೊತ್ತು ಆ ನೆರಳಿಗೆ ಇಟ್ಟೆವು. ಸೊಂಟ ಮುರಿಯಿತು. ಒಳ್ಳೆಯ ಕೆಲಸ ಮಾಡಿದೆ ಎಂದು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಹಳೆಯ ಜಾಗದ ಬರೀ ನೆಲದ ಮೇಲೆ ಹುಳಗಳು ಮೋಡ ಕಟ್ಟಿಕೊಂಡು ಸುತ್ತುತ್ತಿದ್ದವು. ಹೊಟ್ಟೆ ತುಂಬ ಹೂರಸ ಹೊತ್ತು ಬಂದು, ಮನೆ ಇದ್ದ ಕಡೆ ಮನೆ ಕಾಣದೆ, ಕಲ್ಲಿನ ಮೇಲೆ ಹುಲ್ಲಿನ ಮೇಲೆ ಕೂತು ಕೂತು ಗೊಂಚಲಾಗುತ್ತಿದ್ದವು. ಪೆಟ್ಟಿಗೆ ಅಲ್ಲೇ ಎದುರಿಗೆ ಕಾಣುತ್ತಿದೆ. "ಅಗೋ ಅಲ್ಲಿ, ಅಲ್ಲಿ ಹೋಗ್ರೇ" ಎಂದು ಟೋಪಿ ಬೀಸಿ ಓಡಿಸಲು ನೋಡಿದೆ. ಎರಡು ಕಡೆ ಕಚ್ಚಿಸಿಕೊಂಡೆ, ಅಷ್ಟೇ ಆದದ್ದು.

ಮಧ್ಯಾಹ್ನದ ಬಸ್ಸಿಗೆ ಸಿಲ್ವೆಟ್ ಬಂದಳು. ಕೆನ್ನೆ ಊದಿಕೊಂಡೇ ಬೈದಳು. "ಮಾವ, ಹುಳಕ್ಕೆ ನೆನಪಿರೋದು ಜಾಗ, ಪೆಟ್ಟಿಗೆ ಅಲ್ಲ. ಸರಿಸೋದಾದ್ರೆ ಊರಾಚೆ ದೂರ ಒಯ್ಯಬೇಕು, ಇಲ್ಲಾ ಮುಟ್ಟಬಾರದು. ಸೆಕೆಗೆ ಹೊರಗೆ ಕೂರೋದು ಅವುಗಳ ಪದ್ಧತಿ, ನೀವು ಜಗಲಿ ಮೇಲೆ ಕೂರಲ್ವಾ?" ಅಂದಳು. ಕೂಡಲೇ ಕೆಲವು ಪೆಟ್ಟಿಗೆ ತರಿಸಿ ಹಳೆಯ ಜಾಗದಲ್ಲಿಟ್ಟಳು, ಸಂಜೆಗೆ ಉಳಿದವನ್ನೂ ತಂದೆವು. ನೆಲದಲ್ಲಿದ್ದ ಹುಳಗಳು ಸಾಲುಗಟ್ಟಿ ಬಾಗಿಲಿನೊಳಗೆ ನಡೆದುಹೋದವು. ಆದರೂ ಬಹಳ ಸತ್ತಿವೆ. ಬಿಸಿಲಿಗೆ ಸುಟ್ಟ ಕಲ್ಲಿನ ಮೇಲೆ ಬಿದ್ದದ್ದನ್ನು ನಾನೇ ಗುಡಿಸಿದೆ.

ತಪ್ಪಾಯಿತು. ಬರೆದು ಅಭ್ಯಾಸವಿಲ್ಲದ ಪದ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಸಿಪ್ರಿಯೆನ್


ಕೊಲ್ಲೊಬ್ರಿಯೆರ್
12 ಜುಲೈ 1966

ರೂಬೊ ಅವರಿಗೆ,

ಹೂ ತುಂಬಿ ನಿಂತ ವಾರದಲ್ಲೇ ದುಡಿಯುವ ಹುಳಗಳನ್ನು ಕಳೆದಿರಿ. ಎಳೆಯ ಹುಳ ದೊಡ್ಡದಾಗಿ ಹೊಲಕ್ಕೆ ಹೋಗುವಷ್ಟರಲ್ಲಿ ನಿಮ್ಮ ಕೊಯ್ಲು ಮುಗಿದಿರುತ್ತದೆ. ನೀವು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ ಎಂದು ಗೊತ್ತು. ಕೆಟ್ಟ ಮನಸ್ಸಿನವರು ಇಷ್ಟು ಕಷ್ಟಪಟ್ಟು ಪೆಟ್ಟಿಗೆ ಹೊರುವುದಿಲ್ಲ. ಆದರೆ ಒಂದು ಮಾತು ಕೇಳಬಹುದಿತ್ತು. ಊರಿನ ಅಂಚೆಕಚೇರಿಯಲ್ಲಿ ಫೋನು ಇದೆ.

ನಿಮಗೆ ಹೇಳಬಾರದು ಎಂದಿದ್ದೆ. ಸಿಟ್ಟಿನಲ್ಲಿ ಹೇಳಿಬಿಡುತ್ತೇನೆ. ನಿಮ್ಮ ಹೊಲ ನನ್ನ ಕೊನೆಯ ಆಸೆಯಾಗಿತ್ತು. ಈ ಬೇಸಿಗೆ ಲ್ಯಾವೆಂಡರ್ ಜೇನು ಬರದಿದ್ದರೆ ಪೆಟ್ಟಿಗೆಗಳನ್ನು ಅವಿನ್ಯೋನ್‌ನ ವ್ಯಾಪಾರಿಗೆ ಕೊಟ್ಟುಬಿಡಬೇಕು, ಬೇರೆ ದಾರಿಯಿಲ್ಲ. ನನ್ನ ಗಂಡ ಫೋರ್ತುನೆ ಕೈಯಾರೆ ಮಾಡಿದ ಪೆಟ್ಟಿಗೆಗಳು ಅವು. ಅವರು ಹೋದ ಮೇಲೆ ನಾನು ಬೆಳಿಗ್ಗೆ ಎದ್ದು ಬಾಗಿಲು ತೆಗೆಯುತ್ತಿದ್ದದ್ದೇ ಅವುಗಳ ಸಲುವಾಗಿ.

ಭಾನುವಾರ ಲಾರಿ ತಂದು ಪೆಟ್ಟಿಗೆ ಎತ್ತುತ್ತೇನೆ. ನಿಮ್ಮ ಕೊಯ್ಲಿಗೂ ಅನುಕೂಲವಾಯಿತು.

ಒನೊರಿನ್ ಇಸ್ನಾರ್


ಪುಯ್ಮುವಾಸೊನ್
14 ಜುಲೈ 1966

ಅಮ್ಮ,

ಇದನ್ನು ಪೇಟೆಗೆ ಹೋಗುವ ಬಸ್ಸಿನವನ ಕೈಗೆ ಕೊಡುತ್ತಿದ್ದೇನೆ, ಶನಿವಾರ ನಿನ್ನ ಕೈ ಸೇರಬೇಕು.

ನಿನ್ನ ಕಾಗದವನ್ನು ಮಾವ ಎರಡು ಸಲ ಓದಿದರು. ಆಮೇಲೆ ನನ್ನನ್ನು ಕರೆದು, "ನಿನಗೆ ಇದು ಗೊತ್ತಿತ್ತಾ?" ಅಂದರು. ಗೊತ್ತಿತ್ತು, ಅಮ್ಮ ಆಣೆ ಹಾಕಿದ್ದಳು ಎಂದೆ. "ನಿಮ್ಮಮ್ಮನ ಹಟಕ್ಕೆ ನನ್ನ ಹಟಾನೇ ಬೇಕಿತ್ತು ಜೋಡಿಯಾಗಿ" ಎಂದು ಟೋಪಿ ಹಾಕಿಕೊಂಡು ಹೊರಟುಹೋದರು.

ಅವತ್ತು ಕೊಯ್ಲಿನವರು ಉತ್ತರದ ತುಂಡಿಗೇ ಇಳಿಯುವವರಿದ್ದರು. ಮಾವ ಅವರನ್ನು ಹೊಲದ ಬದುವಿನಲ್ಲೇ ನಿಲ್ಲಿಸಿ ಆಚೆ ಹೊಲಕ್ಕೆ ಕಳಿಸಿದರು. "ಈ ತುಂಡು ಯಾವಾಗ ಯಜಮಾನ್ರೇ?" ಎಂದು ಅವರು ಕೇಳಿದರೆ, "ಹುಳ ಸಾಕು ಅಂದಾಗ" ಅಂದರಂತೆ. ಗಿಲ್ಬೇರ್ ನಕ್ಕು ನಕ್ಕು ಹೇಳಿದ. ಆ ತುಂಡಿನ ಗಿಡ ಮುದಿಯಾಗಿದೆ ಎಂದು ನಿನಗೆ ಬರೆದಿದ್ದರಲ್ಲ, ಅದು ಸುಳ್ಳು. ಇಡೀ ಹೊಲದಲ್ಲಿ ಒಳ್ಳೆಯ ಹೂ ಅಲ್ಲೇ ಇರುವುದು.

ನೀನು ಅಂದುಕೊಂಡಷ್ಟು ಹುಳ ಸತ್ತಿಲ್ಲ. ನಾನು ಮುಚ್ಚಳ ತೆಗೆದು ನೋಡಿದ್ದೇನೆ. ಎಳೆಯ ಹುಳಗಳು ಆಗಲೇ ಹೊಲಕ್ಕೆ ಇಳಿದಿವೆ. ಭಾನುವಾರ ಬಾ, ಆದರೆ ಲಾರಿ ಬೇಡ. ಬರಿಗೈಯಲ್ಲಿ ಬಾ. ಬಂದು ನೀನೇ ಮುಚ್ಚಳ ತೆಗೆದು ನೋಡಿ ಆಮೇಲೆ ಮಾತಾಡು.

ಸಿಲ್ವೆಟ್


ಕೊಲ್ಲೊಬ್ರಿಯೆರ್
21 ಆಗಸ್ಟ್ 1966

ಬೀಗರಿಗೆ,

ಆಗಷ್ಟೇ ತೆಗೆದ ಜೇನನ್ನು ನೀವು ನೋಡಿರಲಿಲ್ಲ ಎಂದಿರಿ, ಆದ್ದರಿಂದ ಒಂದು ಜಾಡಿ ಇದರ ಜೊತೆಗಿದೆ. ಬಾಡಿಗೆ ಬೇರೆ ಕಳಿಸುತ್ತೇನೆ, ಇದು ಲೆಕ್ಕಕ್ಕಿಲ್ಲ. ಈಗ ತಿಳಿಯಾಗಿದೆ. ಚಳಿ ಶುರುವಾದೊಡನೆ ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಹಾಳಾಯಿತು ಎಂದು ಬಿಸಿ ಮಾಡಲು ಹೋಗಬೇಡಿ. ಈ ಸಲ ಮೊದಲೇ ಹೇಳಿಬಿಟ್ಟಿದ್ದೇನೆ.

ಆ ಭಾನುವಾರ ನಾನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನೀವು ನಿಮ್ಮ ಹಳೆಯ ಕೊಡೆಯನ್ನು ಒಂದು ಪೆಟ್ಟಿಗೆಗೆ ನೆರಳಾಗಿ ಕಟ್ಟಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಿರಿ. "ಬರೀ ನೆರಳು, ಕೈ ಹಚ್ಚಿಲ್ಲ" ಅಂದಿರಿ. ಜೋಡಿಸಿದ ಮಾತೆಲ್ಲ ಮರೆತುಹೋಯಿತು. ಮೊದಲ ಮುಚ್ಚಳ ತೆಗೆದಾಗ ಜೇನು ತುಂಬಿದ ತಟ್ಟಿಗಳ ಮೇಲೆ ಹೊಸ ಮೇಣ ಸುಣ್ಣ ಬಳಿದ ಗೋಡೆಯಂತೆ ಮುಚ್ಚಿತ್ತು. ನಾನು ಅತ್ತದ್ದು ಹುಳಕ್ಕೆ ಹಾಕಿದ ಹೊಗೆಯಿಂದ ಎಂದು ನಿಮಗೆ ಹೇಳಿದೆ. ಹೊಗೆಯಿಂದಲ್ಲ.

ಹೋದ ವರ್ಷಕ್ಕಿಂತ ಕಡಿಮೆಯೇ ಬಂತು, ಆದರೆ ಮನೆ ನಡೆಸಲು ಸಾಕು. ಅವಿನ್ಯೋನ್‌ನವನಿಗೆ ಈ ವರ್ಷ ಕೊಡುವುದಿಲ್ಲ ಎಂದು ಬರೆದೆ. ಮುಂದಿನ ವಸಂತದಲ್ಲಿ ಮತ್ತೆ ಬಂದು ಕೇಳುತ್ತೇನೆ ಎಂದು ಅವನೂ ಬರೆದಿದ್ದಾನೆ. ಬರಲಿ. ಜಾಗ ಕೇಳಿ ಬದುಕುವವರ ಬಾಳು ವರ್ಷದಿಂದ ವರ್ಷಕ್ಕೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಈ ಬೇಸಿಗೆ ಕೊಟ್ಟಿರಿ, ಅದಕ್ಕೇ ನಾನು ಋಣಿ. ಮುಂದಿನದನ್ನು ಈಗ ಕೇಳುವುದಿಲ್ಲ.

ಒಂದು ಕೇಳಬೇಕು. ಆ ತುಂಡನ್ನು ಅಷ್ಟು ತಡವಾಗಿ ಕೊಯ್ದಿರಲ್ಲ, ಎಣ್ಣೆ ಎಷ್ಟು ಹಾಳಾಯಿತು? ಸಿಲ್ವೆಟ್‌ಳನ್ನು ಕೇಳಿದರೆ ನಗುತ್ತಾಳೆ, ಹೇಳುವುದಿಲ್ಲ.

ಒನೊರಿನ್


ಪುಯ್ಮುವಾಸೊನ್
20 ನವೆಂಬರ್ 1966

ಬೀಗಿತ್ತಿಯವರಿಗೆ,

ಉತ್ತರ ತಡವಾಯಿತು. ಕೈ ಮಣ್ಣಿನಲ್ಲಿತ್ತು.

ಎಣ್ಣೆಯ ವಿಷಯ ಕೇಳಿದ್ದೀರಿ. ಹಾಳಾಗಲಿಲ್ಲ. ಇದಕ್ಕಿಂತ ಹೆಚ್ಚು ನನ್ನಿಂದ ಹೇಳಿಸಬೇಡಿ. ಹೇಳಿದರೆ ನೀವು ಅದನ್ನು ಜಾಡಿಯ ಚೀಟಿಯ ಮೇಲೆ ಅಚ್ಚು ಹಾಕಿಸುತ್ತೀರಿ. ತಾತ ಹೇಳುತ್ತಿದ್ದದ್ದೆಲ್ಲ ಸರಿಯೇ ಇರಬೇಕೆಂದಿಲ್ಲ ಎಂದು ಗಿಲ್ಬೇರ್ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಾನೆ. ಅವನಪ್ಪ ಹೇಳಿದ್ದನ್ನು ಅವನು ಎಂದು ಕೇಳಿದ್ದ? ಜೇನು ನೀವು ಹೇಳಿದ ಹಾಗೆ ಬೆಳ್ಳಗಾಗಿದೆ. ನಾನು ಬಿಸಿ ಮಾಡಿಲ್ಲ.

ಮುಂದಿನ ಬೇಸಿಗೆಗೆ ಉತ್ತರದ ತುಂಡು ನಿಮ್ಮದೇ. ಕೇಳುವುದಿಲ್ಲ ಎಂದಿರಿ, ಅದಕ್ಕೇ ನಾನೇ ಹೇಳುತ್ತಿದ್ದೇನೆ. ಅದರ ಮುಂದಿನದಕ್ಕೂ ಅಷ್ಟೇ. ಆಮೇಲೆ ಆ ಗಿಡಗಳು ನಿಜಕ್ಕೂ ಮುದಿಯಾಗುತ್ತವೆ. ಆದ್ದರಿಂದ ಈ ತಿಂಗಳು ಬಾವಿಯ ಪಕ್ಕದ ಹೊಲ ಉತ್ತು ಹೊಸ ಲ್ಯಾವೆಂಡರ್ ನೆಟ್ಟೆವು. ಸಾಲು ನೇರವಾಗಲು ಸಿಲ್ವೆಟ್ ದಾರ ಹಿಡಿದಳು, ನಾನೂ ಗಿಲ್ಬೇರೂ ಸಸಿ ಊರಿದೆವು. ಒಳ್ಳೆಯ ಹೂ ಬರಲು ಮೂರು ವರ್ಷ ಬೇಕು, ನನಗೀಗ ಎಪ್ಪತ್ತೊಂದು. ಆದರೆ ಒಮ್ಮೆ ಬೇರು ಹಿಡಿದರೆ ಹತ್ತು ಹನ್ನೆರಡು ವರ್ಷ ಅದು ಅಲ್ಲಾಡುವುದಿಲ್ಲ, ನಾನಿದ್ದರೂ ಇಲ್ಲದಿದ್ದರೂ.

ಹೊಲದ ನಟ್ಟನಡುವೆ ಸಾಲುಗಳನ್ನು ಅಲ್ಲಲ್ಲೇ ನಿಲ್ಲಿಸಿ ನಲವತ್ತು ಪೆಟ್ಟಿಗೆ ಹಿಡಿಸುವಷ್ಟು ನೆಲ ಖಾಲಿ ಬಿಟ್ಟಿದ್ದೇನೆ. ಸಿಲ್ವೆಟ್ ಅಳೆದು ಕೊಟ್ಟಳು. ಲಾರಿ ಬರಲು ದಾರಿಯೂ ಇದೆ. ನಿನ್ನೆ ಪಕ್ಕದ ಹೊಲದ ಬಾಪ್ತಿಸ್ತೆನ್ ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದ.

"ಸಿಪ್ರಿಯೆನ್, ನಡುವೆ ಇಷ್ಟು ಒಳ್ಳೇ ನೆಲ ಬಿಟ್ಟಿದ್ದೀಯಲ್ಲ. ಇಲ್ಲಿ ಏನ್ ನೆಡ್ತೀಯ?"

"ನಮ್ಮ ಬೀಗಿತ್ತೀನ" ಅಂದೆ.

ನಿಮ್ಮ ಬೀಗ,
ಸಿಪ್ರಿಯೆನ್